ಗರ್ಭದಲ್ಲಿ ಕೂಸು ತಿರುಗುವ ವಿಚಾರ

೧

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಎಂಬ ನಾಲ್ಕು ತಾಲ್ಲೂಕುಗಳ ಪ್ರಾಚೀನತೆಯನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಗವಿಮಠ, ಪಾಲ್ಕಿಗುಂಡುಗಳಲ್ಲಿಯ ಅಶೋಕನ ಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದುವು. ಕೊಪಣದ ಜೈನತೀರ್ಥ, ಎರಂಬರಗೆಯ ಸಿಂದರು, ೧೧೧೨ರಲ್ಲಿ ಮಹಾದೇವ ದಂಡನಾಯಕನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯ, ಆನೆಗೊಂದಿಯ ಅವಶೇಷಗಳು ಇವೆಲ್ಲವೂ ಚರಿತ್ರಕಾರರಿಗೆ ಚಿರಪರಿಚಿತವಾದುವು. ಆದರೆ ಇವು ಅರಸರ, ದಂಡನಾಯಕರ, ಮುನಿಗಳ ಚರಿತ್ರೆ. ಇವರೆಲ್ಲರನ್ನೂ ಭೂಮಿಗೆ ಬರಮಾಡಿಕೊಂಡ ಕೈಗಳ ಚರಿತ್ರೆಯನ್ನು ಯಾವ ಕಲ್ಲಿನ ಮೇಲೂ ಹುಡುಕಬೇಕಾಗಿಲ್ಲ. ಅದು ಉಳಿದಿರುವುದು ಮನೆಮಾತಿನಲ್ಲಿ. ಆ ಮಾತುಗಳಲ್ಲಿ ಒಂದನ್ನು ಇಲ್ಲಿ ವಿಚಾರಣೆಗೆ ಎತ್ತಿಕೊಂಡಿದ್ದೇವೆ.

ತುಂಬಿದ ಬಸುರಿಯನ್ನು ನೋಡಿ ಮನೆಯ ಹಿರಿಯ ಹೆಂಗಸರು ‘ಕೂಸು ಇನ್ನೂ ತಿರುಗಿಲ್ಲ’ ಎನ್ನುವುದುಂಟು. ಈ ಚಿಕ್ಕ ವಾಕ್ಯದ ‘ತಿರುಗು’ ಎಂಬ ಕ್ರಿಯಾಪದಕ್ಕೆ ಒಂದೇ ಅರ್ಥವಿದೆಯೆಂದು ತಿಳಿದರೆ ತಪ್ಪಾಗುತ್ತದೆ. ವಿಚಾರಿಸಿ ನೋಡಿದರೆ ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು, ತಲೆ ಮೇಲಾಗಿ ಕುಳಿತ ಕೂಸು ತಲೆ ಕೆಳಗಾಗುವುದು. ಎರಡನೆಯದು, ಅಡ್ಡವಾಗಿ ಮಲಗಿದ ಕೂಸು ನೆಟ್ಟಗಾಗುವುದು. ಮೂರನೆಯದು, ತಲೆ ಕೆಳಗೇ ಇದ್ದರೂ ತನ್ನ ಬೆನ್ನನ್ನು ತಾಯಿಯ ಬೆನ್ನಿಗೆ ಒತ್ತಿ, ಮೊಗವನ್ನು ಆಕೆಯ ಹೊಟ್ಟೆಯ ಮುಂಭಾಗಕ್ಕೆ ಮಾಡಿಕೊಂಡಿರುವ ಕೂಸು ಮಗ್ಗುಲಾಗಿ ಹೊರಳಿ, ಬೆನ್ನನ್ನು ಮುಂದಕ್ಕೆ ತಂದುಕೊಳ್ಳುವುದು. ಈ ಮೂರನೆಯ ಬಗೆಯ ಕೂಸನ್ನು ಈ ಲೇಖನದಲ್ಲಿ ಸೌಕರ್ಯಕ್ಕಾಗಿ ‘ಬೆನ್ನೊರಗಿದ ಕೂಸು’ ಎಂದು ಕರೆಯುತ್ತೇವೆ.

ಈ ಮೂರು ತಿರುಗುವಿಕೆಗಳಿಗೆ ಕಾಲ ಬೇರೆ, ಕಾರಣ ಬೇರೆ, ಅಪಾಯವೂ ಬೇರೆ. ಒಂದಕ್ಕೆ ಹೇಳಿದ ಉಪಾಯವನ್ನು ಮತ್ತೊಂದಕ್ಕೆ ಹಚ್ಚುವುದರಿಂದ ಶಾಸ್ತ್ರದಲ್ಲಿ ಗೊಂದಲವೂ ಸೂತಿಕಾಗೃಹದಲ್ಲಿ ಅನಾಹುತವೂ ಉಂಟಾಗುತ್ತವೆ. ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಎಷ್ಟರಮಟ್ಟಿಗೆ ಕಂಡಿದ್ದರು, ಇಂದಿನ ಪರೀಕ್ಷೆಗಳು ಏನು ಹೇಳುತ್ತವೆ, ಈ ಸೀಮೆಯ ತಾಯಂದಿರಿಗೆ ಅದರಿಂದ ಆಗುವ ಪ್ರಯೋಜನವೇನು ಎಂಬುದನ್ನು ಕ್ರಮವಾಗಿ ನೋಡೋಣ.

೨

ಮೊದಲು ಶಬ್ದವಿಚಾರ. ಹೆರಿಗೆ ಮಾಡಿಸುವವಳಿಗೆ ಕನ್ನಡದಲ್ಲಿ ‘ಸೂಲಗಿತ್ತಿ’ ಎಂದು ಹೆಸರು. ತಮಿಳಿನ ‘ಸೂಲ್’, ತೆಲುಗಿನ ‘ಚೂಲು’ ಎಂಬ ಶಬ್ದಗಳಿಗೆ ಬಸಿರು ಎಂಬ ಅರ್ಥವಿರುವುದರಿಂದ ಇದು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಹಳೆಯ ಶಬ್ದವೆಂಬುದು ಸ್ಪಷ್ಟ. ‘ಗಿತ್ತಿ’ ಎಂಬುದು ಅಗಸಗಿತ್ತಿ ಮೊದಲಾದ ಪದಗಳಲ್ಲಿ ಕಾಣುವ ಸ್ತ್ರೀವಾಚಕ ಪ್ರತ್ಯಯ. ಹಳಗನ್ನಡದಲ್ಲಿ ಸರದಿ, ಬಾರಿ ಎಂಬರ್ಥದ ‘ಸೂೞ್’ ಎಂಬ ಮತ್ತೊಂದು ಶಬ್ದವುಂಟು. ಹೆರಿಗೆಗೂ ಸರದಿಗೂ, ಸರದಿಗೂ ತಿರುಗುವಿಕೆಗೂ ಅರ್ಥಸಂಬಂಧವನ್ನು ಕಲ್ಪಿಸುವುದು ಮನಸ್ಸಿಗೆ ಹಿತವಾಗಿ ತೋರಬಹುದು. ಆದರೆ ಅಲ್ಲಿರುವುದು ೞಕಾರ, ಇಲ್ಲಿರುವುದು ಲಕಾರ. ಎರಡೂ ಬೇರೆ ಬೇರೆ ಧಾತುಗಳು. ಸೂಲಗಿತ್ತಿಯೆಂದರೆ ಕೂಸನ್ನು ತಿರುಗಿಸುವವಳೆಂದು ಅರ್ಥವಲ್ಲ. ಬಸಿರನ್ನು ಬಲ್ಲವಳೆಂದು, ಹೆರಿಗೆಯಲ್ಲಿ ಜೊತೆಗಿರುವವಳೆಂದು ಭಾವಿಸಬೇಕು. ಮುಂದೆ ಹೇಳುವ ವಿಷಯಕ್ಕೆ ಈ ಭೇದವು ಪ್ರಯೋಜನಕರವಾಗಿದೆ.

ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಉಂಟು. ಮೊದಲನೆಯ ಬಗೆಯ ಕೂಸನ್ನು, ಅಂದರೆ ತಿರುಗದೆ ಕಾಲಿನಿಂದಲೇ ಬಂದು ಬದುಕಿದವನನ್ನು, ಜನರು ವಿಶೇಷವಾಗಿ ಗುರುತಿಸಿಟ್ಟುಕೊಂಡಿದ್ದರೆಂಬುದಕ್ಕೆ ಈ ನಂಬಿಕೆಯೇ ಸಾಕ್ಷಿ. ಬೆನ್ನೊರಗಿದ ಕೂಸಿಗೆ ಇಂತಹ ಪ್ರಸಿದ್ಧಿಯಿಲ್ಲ. ಅದು ತಲೆಯಿಂದಲೇ ಬರುವುದರಿಂದ, ಆಕಾಶಕ್ಕೆ ಮೊಗಮಾಡಿ ಹುಟ್ಟಿದರೂ, ಹುಟ್ಟಿದ ಮೇಲೆ ಅದರ ಹಿಂದಣ ಕಥೆಯನ್ನು ಯಾರೂ ನೆನಪಿಡುವುದಿಲ್ಲ. ನೆನಪಿಡುವವಳು ಎರಡು ಹಗಲು ಸೊಂಟದ ನೋವನ್ನು ಉಂಡ ತಾಯಿಯೊಬ್ಬಳೇ.

೩

ಇನ್ನು ಶಾಸ್ತ್ರವಿಚಾರ. ಚರಕಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ ಗರ್ಭದ ಇರವನ್ನು ಹೇಳುವ ಭಾಗವು ನಮ್ಮ ವಿಷಯಕ್ಕೆ ಮೂಲಸ್ಥಾನವಾಗಿದೆ. ಅಲ್ಲಿಯ ತಾತ್ಪರ್ಯವೇನೆಂದರೆ: ಗರ್ಭವು ತಾಯಿಯ ಬೆನ್ನಿನ ಕಡೆಗೆ ಮೊಗಮಾಡಿ, ತಲೆ ಮೇಲಾಗಿ, ಅವಯವಗಳನ್ನು ಮುದುಡಿಕೊಂಡು ಇರುತ್ತದೆ, ಹುಟ್ಟುವ ಕಾಲ ಬಂದಾಗ ಪ್ರಸೂತಿವಾಯುವಿನ ಬಲದಿಂದ ಹೊರಳಿ, ತಲೆ ಕೆಳಗಾಗಿ ಹೊರಬರುತ್ತದೆ, ಇದು ಪ್ರಕೃತಿ, ಇದಕ್ಕೆ ಬೇರೆಯಾದುದು ವಿಕೃತಿ.

ಈ ಹೇಳಿಕೆಯಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಬೇಕು. ತಲೆಯು ಹೆರಿಗೆಯ ತನಕ ಮೇಲಿರುತ್ತದೆಂಬುದು ಮೊದಲನೆಯದು. ಇದು ಇಂದು ನಿಲ್ಲುವ ಮಾತಲ್ಲ. ಒಂಬತ್ತನೆಯ ತಿಂಗಳ ಹೊತ್ತಿಗೆ ಬಹುಪಾಲು ಕೂಸುಗಳ ತಲೆ ಕೆಳಗಾಗಿಯೇ ಇರುತ್ತದೆ, ಕಾಲು ಅಥವಾ ಕುಂಡೆ ಕೆಳಗಾಗಿ ಉಳಿಯುವುವು ನೂರಕ್ಕೆ ಮೂರು ನಾಲ್ಕು ಮಾತ್ರ. ಈ ತಪ್ಪು ಚರಕನೊಬ್ಬನದಲ್ಲ. ಗ್ರೀಕ್ ವೈದ್ಯರೂ ಕೂಸು ಗರ್ಭದಲ್ಲಿ ಕುಳಿತಿದ್ದು ಕೊನೆಯ ತಿಂಗಳುಗಳಲ್ಲಿ ಒಮ್ಮೆಲೇ ಲಾಗ ಹಾಕುತ್ತದೆಂದು ತಿಳಿದಿದ್ದರು, ಆ ನಂಬಿಕೆ ಐರೋಪ್ಯರಲ್ಲಿ ಶತಮಾನಗಳ ಕಾಲ ನಡೆಯಿತು. ಎರಡನೆಯ ಅಂಶವೆಂದರೆ, ಕೂಸಿನ ಮೊಗವು ತಾಯಿಯ ಬೆನ್ನಿನ ಕಡೆಗಿರುವುದೇ ಪ್ರಕೃತಿ ಎಂಬುದು. ಇದು ಇಂದಿನ ಪ್ರಸೂತಿಶಾಸ್ತ್ರವು ಒಪ್ಪುವ ಮಾತು. ಮೊಗವು ಬೆನ್ನಿನ ಕಡೆಗಿದ್ದರೆ ಕೂಸು ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆಯ ಕಿರಿದಾದ ಸುತ್ತಳತೆಯನ್ನು ಮುಂದುಮಾಡಿ ಇಳಿಯುತ್ತದೆ. ಮೊಗವು ಮುಂದಕ್ಕಿದ್ದರೆ ಗದ್ದ ಮೇಲೆದ್ದು, ತಲೆಯ ಹಿರಿದಾದ ಸುತ್ತಳತೆಯು ಹಾದಿಗೆ ಬರುತ್ತದೆ. ಹೆರಿಗೆ ನೀಳವಾಗುವುದಕ್ಕೂ ಸೊಂಟದ ನೋವಿಗೂ ಇದೇ ಕಾರಣ. ಹೀಗೆ ಬೆನ್ನೊರಗಿದ ಕೂಸನ್ನು ‘ವಿಕೃತಿ’ಯೆಂಬ ವರ್ಗಕ್ಕೆ ಸೇರಿಸಲು ಚರಕನಲ್ಲಿ ಆಧಾರವಿದೆ. ಮೂರನೆಯ ತಿರುಗುವಿಕೆಯ ಪ್ರತ್ಯೇಕ ಹೆಸರು ಅಲ್ಲಿ ಇಲ್ಲದಿದ್ದರೂ ಅದರ ಅಳತೆಗೋಲು ಅಲ್ಲಿದೆ.

ಇದಕ್ಕಿಂತ ಸ್ವಾರಸ್ಯವಾದುದು ಎಂಟನೆಯ ಅಧ್ಯಾಯದ ಒಂದು ವಾದ. ನೋವು ಬಂದರೂ ಹೆರಿಗೆಯಾಗದ ಹೆಂಗಸಿಗೆ ಒನಕೆಯನ್ನು ಹಿಡಿದು ಒರಳಿನಲ್ಲಿ ತುಂಬಿದ ಧಾನ್ಯವನ್ನು ಕುಟ್ಟುವಂತೆಯೂ ನಡುನಡುವೆ ಆಕಳಿಸಿ ಅಡ್ಡಾಡುವಂತೆಯೂ ಹೇಳಬೇಕೆಂದು ಕೆಲವರ ಮತವಿತ್ತಂತೆ. ಆತ್ರೇಯನು ಇದನ್ನು ಒಪ್ಪುವುದಿಲ್ಲ. ಗರ್ಭಿಣಿಗೆ ಕಠಿನವಾದ ವ್ಯಾಯಾಮವು ಯಾವಾಗಲೂ ವರ್ಜ್ಯ, ಹೆರಿಗೆಯ ಹೊತ್ತಿನಲ್ಲಂತೂ ವಿಶೇಷವಾಗಿ ವರ್ಜ್ಯ ಎಂಬುದು ಆತನ ಆಕ್ಷೇಪ. ಆಕಳಿಕೆಯನ್ನೂ ಅಡ್ಡಾಡುವುದನ್ನೂ ಉಳಿಸಿಕೊಂಡು ಒನಕೆಯನ್ನು ಬಿಡಿಸುತ್ತಾನೆ. ಜೊತೆಗೆ ಸೊಂಟ, ಪಕ್ಕೆ, ಬೆನ್ನು, ತೊಡೆಗಳಿಗೆ ಉಗುರುಬೆಚ್ಚಗಿನ ಎಣ್ಣೆಯನ್ನು ಹಚ್ಚಿ ಹಿತವಾಗುವಷ್ಟು ಮಾತ್ರ ಒತ್ತಬೇಕೆಂದೂ, ಇದರಿಂದ ಗರ್ಭವು ಕೆಳಗಿಳಿಯುತ್ತದೆಂದೂ ಹೇಳಿದೆ. ಈ ಪಟ್ಟಿಯಲ್ಲಿ ಹೊಟ್ಟೆಯ ಹೆಸರಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಆ ‘ಕೆಲವರು’ ಯಾರು? ಗ್ರಂಥವು ಹೆಸರಿಸುವುದಿಲ್ಲ. ಒನಕೆ ಒರಳುಗಳು ವೈದ್ಯಶಾಲೆಯ ಉಪಕರಣಗಳಲ್ಲ, ಹೆಂಗಸರ ಮನೆಗೆಲಸದ ಉಪಕರಣಗಳು; ಆದುದರಿಂದ ಈ ಮತವು ಸೂಲಗಿತ್ತಿಯರಿಂದಲೇ ಶಾಸ್ತ್ರಕಾರರ ಕಿವಿಗೆ ಬಿದ್ದುದೆಂದು ಊಹಿಸಲು ಅವಕಾಶವಿದೆ. ಬೀಸುತ್ತ, ಕುಟ್ಟುತ್ತ, ಮೊಣಕಾಲೂರಿ ನೆಲ ಸಾರಿಸುತ್ತ ಇದ್ದ ಬಸುರಿಗೆ ಹೆರಿಗೆ ಸುಲಭವೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಿಂತಿಲ್ಲ. ಶಾಸ್ತ್ರವು ನಿರಾಕರಿಸಿದ ಮತವು ಸಂಪ್ರದಾಯದಲ್ಲಿ ಉಳಿದುಬಂದುದಕ್ಕೆ ಇದೊಂದು ಉತ್ತಮ ನಿದರ್ಶನ.

೪

ಸುಶ್ರುತನು ಶಸ್ತ್ರವೈದ್ಯ, ಆದುದರಿಂದ ಆತನ ದೃಷ್ಟಿ ಬೇರೆ. ಶಾರೀರಸ್ಥಾನದಲ್ಲಿ ಆತನು, ಗರ್ಭವು ಮುದುಡಿಕೊಂಡಿದ್ದು ಹೆರಿಗೆಯ ಹೊತ್ತಿಗೆ ಸ್ವಭಾವದಿಂದಲೇ ತಲೆಯಿಂದ ಹಾದಿಗೆ ಬರುತ್ತದೆಂದು ಹೇಳುತ್ತಾನೆ. ಸ್ವಭಾವವು ಕೆಟ್ಟಾಗ ಆಗುವುದು ‘ಮೂಢಗರ್ಭ’. ನಿದಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕೀಲ, ಪ್ರತಿಖುರ, ಬೀಜಕ, ಪರಿಘ ಎಂಬ ನಾಲ್ಕು ಬಗೆಗಳು ಬರುತ್ತವೆ. ಕೈಕಾಲು ತಲೆಗಳು ಮೇಲಾಗಿ ಗೂಟದಂತೆ ಸಿಕ್ಕಿದುದು ಕೀಲ. ಕೈಕಾಲು ತಲೆಗಳು ಹೊರಬಂದು ಮೈ ಸಿಕ್ಕಿದುದು ಪ್ರತಿಖುರ. ತಲೆಯೊಡನೆ ಒಂದು ತೋಳು ಬಂದುದು ಬೀಜಕ. ಬಾಗಿಲ ಅಗಳಿಯಂತೆ ಅಡ್ಡಬಿದ್ದುದು ಪರಿಘ. ಇಷ್ಟನ್ನು ಹೇಳಿಯೂ ಸುಶ್ರುತನು, ಕೆಟ್ಟ ವಾಯುವು ಕೂಸನ್ನು ಅನೇಕ ವಿಧವಾಗಿ ಒತ್ತುವುದರಿಂದ ಈ ನಾಲ್ಕೆಂಬ ಲೆಕ್ಕವು ನಿಲ್ಲದೆಂದು ಒಪ್ಪಿಕೊಳ್ಳುತ್ತಾನೆ. ವರ್ಗೀಕರಣವನ್ನು ಕೊಟ್ಟು ಅದರ ಮಿತಿಯನ್ನೂ ತಾನೇ ತೋರಿಸುವ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಕೈಯಿಂದ ತಿರುಗಿಸುವ ಕ್ರಮವಿದೆ. ಒಂದು ಕಾಲು ಮಾತ್ರ ಬಂದಿದ್ದರೆ ಮತ್ತೊಂದನ್ನು ಚಾಚಿ ತರಬೇಕು. ಕುಂಡೆ ಮುಂದಾಗಿದ್ದರೆ ಅದನ್ನು ಮೇಲಕ್ಕೊತ್ತಿ ಕಾಲುಗಳನ್ನು ಬಿಡಿಸಬೇಕು. ಅಡ್ಡಬಿದ್ದಿದ್ದರೆ ಕೆಳಭಾಗವನ್ನು ಮೇಲಕ್ಕೆ ಒತ್ತಿ ಮೇಲ್ಭಾಗವನ್ನು ಹಾದಿಗೆ ನೇರಮಾಡಬೇಕು. ಇದಕ್ಕಿಂತ ಕಷ್ಟವಾದ ಕೆಲಸ ಮತ್ತೊಂದಿಲ್ಲ, ಕಣ್ಣಿಗೆ ಕಾಣದ ಒಳಗಿನ ಅವಯವಗಳ ನಡುವೆ ಬರಿಯ ಸ್ಪರ್ಶದಿಂದ ಮಾಡಬೇಕಾದುದರಿಂದ ಒಡೆಯನ ಅನುಮತಿಯನ್ನು ಪಡೆದು, ಬಹು ಎಚ್ಚರದಿಂದ ಮಾಡಬೇಕು ಎಂದು ಆತನು ಮೊದಲೇ ಕಟ್ಟುಮಾಡಿದ್ದಾನೆ.

ಇಲ್ಲಿ ಮುಖ್ಯವಾಗಿ ನೋಡಬೇಕಾದುದು ಇಷ್ಟು. ಸುಶ್ರುತನ ಕೈ ಒಳಗೆ ಹೋಗುವುದು ಒಂದನೆಯ ಮತ್ತು ಎರಡನೆಯ ಬಗೆಯ ಕೂಸಿಗಾಗಿ. ಅದೂ ಹೆರಿಗೆ ಕಟ್ಟಿ ನಿಂತು ಪ್ರಾಣಕ್ಕೆ ಸಂಕಟ ಬಂದಾಗ. ಬೆನ್ನೊರಗಿದ ಕೂಸು ಆತನ ನಾಲ್ಕು ಬಗೆಗಳಲ್ಲಿ ಸೇರುವುದಿಲ್ಲ. ಒಂಬತ್ತನೆಯ ತಿಂಗಳಿನಲ್ಲಿ, ನೋವು ಬರುವ ಮೊದಲೇ, ಅದನ್ನು ತಿರುಗಿಸಹೋಗುವುದಕ್ಕೆ ಮೇಲೆ ಹೇಳಿದ ಸ್ಥಳಗಳಲ್ಲಿ ಆಧಾರವಿಲ್ಲ.

೫

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಬೆಳೆದುದು ಈ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯರ ಕಾಲದಿಂದ. ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರ, ಚಾಲುಕ್ಯ ರಾಜವಂಶದ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ, ಮುಂದೆ ೧೩೬೦ರ ಸುಮಾರಿನ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಪ್ರಸಿದ್ಧವಾದುವು. ವಿಷಕ್ಕೆ, ಗೋವಿಗೆ, ಕುದುರೆಗೆ ಪ್ರತ್ಯೇಕ ಗ್ರಂಥಗಳು ಹುಟ್ಟಿದುವು. ಸೂಲಗಿತ್ತಿಯ ವಿದ್ಯೆಯಾದರೋ ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ಸಾಗಿತು. ಕುಷ್ಟಗಿಗೆ ನೆರೆಯಾದ ಹುನಗುಂದದ ಸೀಮೆಯ ಸಿದ್ಧನಕೊಳ್ಳದಲ್ಲಿಯೂ ನಾಗನಾಥಕೊಳ್ಳದಿಂದ ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಬಂದ ಶಿಲ್ಪದಲ್ಲಿಯೂ ಲಜ್ಜಾಗೌರಿಯು ಕಾಲುಗಳನ್ನು ಮಡಿಸಿ ಅಗಲಿಸಿಕೊಂಡಿರುವುದನ್ನು ನೋಡಿ, ಅದನ್ನು ಪ್ರಸವದ ಭಂಗಿಯೆಂದು ಹೇಳಿದವರುಂಟು. ಸಂತಾನಾಪೇಕ್ಷೆಯ ದೇವತೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಶಿಲ್ಪದಿಂದ ಸೂಲಗಿತ್ತಿಯರ ಪದ್ಧತಿಯನ್ನು ನಿರ್ಣಯಿಸಹೋಗುವುದು ಅತಿಯಾಗುತ್ತದೆ.

ಈ ವಿದ್ಯೆಯು ಎಂತಹದೆಂಬುದನ್ನು ತಿಳಿಯಲು ನಮ್ಮ ಕಾಲದಲ್ಲಿ ಹೆಸರು ಪಡೆದ ಒಬ್ಬಾಕೆಯನ್ನು ನೆನೆಯಬೇಕು. ಕೊಪ್ಪಳದಂತೆಯೇ ಮಳೆ ಕಡಿಮೆಯಾದ, ತೆಲುಗು ನಾಡಿಗೆ ಹೊಂದಿದ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ೧೯೨೦ರಲ್ಲಿ ಹುಟ್ಟಿದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಹೆರಿಗೆಯ ಕೆಲಸವನ್ನೂ, ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಮೂಲಿಕೆಯ ಔಷಧಗಳನ್ನೂ ಕಲಿತರು. ಪ್ರತಿಫಲವಿಲ್ಲದೆ ಅವರು ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರಕ್ಕೆ ಮೀರಿದುವೆಂದು ಹೇಳುತ್ತಾರೆ. ತುಮಕೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು ೨೦೧೮ರಲ್ಲಿ ಪದ್ಮಶ್ರೀಯನ್ನೂ ಕೊಟ್ಟುವು; ಅದೇ ವರ್ಷದ ಡಿಸೆಂಬರ್ ೨೫ರಂದು ಅವರು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ, ಅದು ಹೇಗೆ ಮಲಗಿದೆ ಎಂದು ಹೇಳಬಲ್ಲವರೆಂದು ಅವರಿಗೆ ಕೀರ್ತಿಯಿತ್ತು. ಸೂಲಗಿತ್ತಿಯ ವಿದ್ಯೆಯ ಸಾರವು ಇಲ್ಲಿದೆ: ತಿರುಗಿಸುವುದಕ್ಕಿಂತ ಮೊದಲು ತಿಳಿಯುವುದು.

೬

ಐರೋಪ್ಯರಲ್ಲಿ ಮೂರನೆಯ ತಿರುಗುವಿಕೆಯು ಬೇರೆಯಾಗಿ ಕಂಡುಬಂದುದು ಹದಿನೆಂಟನೆಯ ಶತಮಾನದಲ್ಲಿ. ಡಬ್ಲಿನ್ ನಗರದ ಫೀಲ್ಡಿಂಗ್ ಔಲ್ಡ್ ೧೭೪೨ರಲ್ಲಿಯೂ, ಲಂಡನ್ನಿನ ವಿಲಿಯಂ ಸ್ಮೆಲ್ಲಿ ೧೭೫೨ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ, ಕೂಸಿನ ತಲೆಯು ನೆಟ್ಟಗೆ ಇಳಿಯುವುದಿಲ್ಲ, ಪಕ್ಕಕ್ಕೆ ಮೊಗಮಾಡಿ ಒಳಹೊಕ್ಕು ಇಳಿಯುತ್ತ ಇಳಿಯುತ್ತ ಹೊರಳಿಕೊಳ್ಳುತ್ತದೆ ಎಂಬುದು ತಿಳಿಯಬಂದಿತು. ೧೮೦೭ರಲ್ಲಿ ಜರ್ಮನ್ ವೈದ್ಯ ವೀಗಾಂಡ್ ಎಂಬಾತನು ಹೊಟ್ಟೆಯ ಹೊರಗಿನಿಂದಲೇ ಕೂಸನ್ನು ತಿರುಗಿಸುವ ಕ್ರಮವನ್ನು ವಿವರಿಸಿದನು. ಅದು ಒಂದನೆಯ ಮತ್ತು ಎರಡನೆಯ ಬಗೆಗೆ ಸೇರಿದುದು. ಇಂದು ಕುಂಡೆ ಕೆಳಗಾದ ಕೂಸಿಗೆ ಅದನ್ನು ಮಾಡುವಾಗ ಕೂಸಿನ ಎದೆಬಡಿತವನ್ನು ನೋಡುತ್ತ, ಶಸ್ತ್ರಕ್ರಿಯೆಗೆ ಸಿದ್ಧತೆಯಿರುವ ಆಸ್ಪತ್ರೆಯಲ್ಲಿಯೇ ಮಾಡುತ್ತಾರೆ. ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಅದು ಸಫಲವಾಗುತ್ತದೆ. ಮನೆಯಲ್ಲಿ ಹೊಟ್ಟೆಯನ್ನು ಬಲವಾಗಿ ಒತ್ತಿ ತಿರುಗಿಸಹೋದರೆ ಮಾಸು ಕಳಚಿ ರಕ್ತ ಹರಿಯುವ ಭಯವುಂಟು.

ಬೆನ್ನೊರಗಿದ ಕೂಸಿನ ವಿಷಯದಲ್ಲಿ, ೧೯೯೦ರ ದಶಕದಲ್ಲಿ ನ್ಯೂಜಿಲೆಂಡಿನ ಸೂಲಗಿತ್ತಿ ಜೀನ್ ಸಟನ್ ಎಂಬಾಕೆಯೂ ಪಾಲಿನ್ ಸ್ಕಾಟ್ ಎಂಬಾಕೆಯೂ ಒಂದು ಮತವನ್ನು ಪ್ರಚಾರಮಾಡಿದರು. ಮೆತ್ತನೆಯ ಕುರ್ಚಿಗಳಲ್ಲಿ ಹಿಂದಕ್ಕೊರಗಿ ಕೂರುವುದರಿಂದ ಕೂಸೂ ಹಿಂದಕ್ಕೊರಗುತ್ತದೆ. ಮುಂದಕ್ಕೆ ಬಾಗಿ ಕೂತರೆ, ಅಂಬೆಗಾಲಿನಲ್ಲಿ ನಿಂತರೆ ಅದರ ಭಾರವಾದ ಬೆನ್ನು ಮುಂದಕ್ಕೆ ಬರುತ್ತದೆ ಎಂಬುದೇ ಆ ಮತ. ನೆಲ ಸಾರಿಸುವ ನಮ್ಮ ಹೆಂಗಸರ ಮಾತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಹೇಳಬೇಕಾದುದಿಲ್ಲ. ಇದನ್ನು ಪರೀಕ್ಷಿಸಲು ಆಸ್ಟ್ರೇಲಿಯದಲ್ಲಿ ೨೫೪೭ ಮಂದಿ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ಮೂವತ್ತೇಳನೆಯ ವಾರದಿಂದ ದಿನಕ್ಕೆರಡು ಸಲ ಹತ್ತು ಹತ್ತು ನಿಮಿಷ ಅಂಬೆಗಾಲಿನಲ್ಲಿ ನಿಂತು ಸೊಂಟವನ್ನು ಮೆಲ್ಲನೆ ತೂಗುವಂತೆ ಮಾಡಿದರು. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶವೆಂದರೆ, ಹುಟ್ಟುವಾಗ ಬೆನ್ನೊರಗಿಯೇ ಇದ್ದ ಕೂಸುಗಳು ಈ ಗುಂಪಿನಲ್ಲಿ ನೂರಕ್ಕೆ ೮.೨, ಮತ್ತೊಂದು ಗುಂಪಿನಲ್ಲಿ ೭.೮. ಅಂದರೆ ಅಭ್ಯಾಸದಿಂದ ಕೇಡಾಗಲಿಲ್ಲ, ಕೂಸಿನ ಇರವೂ ಬದಲಾಗಲಿಲ್ಲ. ಹೆರಿಗೆಯ ನೋವಿನ ಹೊತ್ತಿನಲ್ಲಿ ಈ ಭಂಗಿಯು ಸೊಂಟದ ನೋವನ್ನು ತಗ್ಗಿಸುತ್ತದೆಂದು ಬೇರೆ ಪರೀಕ್ಷೆಯೊಂದು ತೋರಿಸಿದೆ. ಆ ಉಪಕಾರವು ಚಿಕ್ಕದಲ್ಲ.

ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ನೋವು ಆರಂಭವಾಗುವಾಗ ಸುಮಾರು ಐದರಲ್ಲಿ ಒಂದು ಕೂಸು ಬೆನ್ನೊರಗಿರುತ್ತದೆ. ಹುಟ್ಟುವಾಗ ಹಾಗೆ ಉಳಿಯುವುದು ಸುಮಾರು ಇಪ್ಪತ್ತರಲ್ಲಿ ಒಂದು. ಮಿಕ್ಕುವು ನೋವಿನ ಬಲದಿಂದಲೇ ಹೊರಳಿಕೊಳ್ಳುತ್ತವೆ. ಮೊದಲು ಚೆನ್ನಾಗಿದ್ದ ಕೆಲವು ಕೂಸುಗಳು ಹೆರಿಗೆಯ ನಡುವೆ ಬೆನ್ನೊರಗುವುದೂ ಉಂಟು. ಆದುದರಿಂದ ಒಂಬತ್ತನೆಯ ತಿಂಗಳ ಇರವು ಕೊನೆಯ ತೀರ್ಪಲ್ಲ. ಚರಕನು ‘ಪ್ರಸೂತಿವಾಯು’ವೆಂದುದು ಈ ನೋವಿನ ಬಲವನ್ನೇ ಎಂದು ಇಟ್ಟುಕೊಂಡರೆ, ಆತ್ರೇಯನ ತೀರ್ಪು ಇಂದಿನ ತೀರ್ಪಿಗೆ ಬಹಳ ದೂರವಿಲ್ಲ: ಅಡ್ಡಾಡಲಿ, ಹಿತವಾದ ಭಂಗಿಯಲ್ಲಿರಲಿ, ಬೆನ್ನು ಸೊಂಟಗಳನ್ನು ಮೆಲ್ಲನೆ ಒತ್ತಲಿ, ಒನಕೆ ಬೇಡ.

೭

ಹಾಗಾದರೆ ಕಾಯುವುದೊಂದೇ ಕರ್ತವ್ಯವೇ? ಇಲ್ಲಿ ಸೀಮೆಯ ಭೂಗೋಳವು ಚರಿತ್ರೆಯೊಳಕ್ಕೆ ಬರುತ್ತದೆ. ತಿರುಗದೆ ಉಳಿದ ಆ ಇಪ್ಪತ್ತರಲ್ಲೊಂದು ಕೂಸಿಗೆ ನುರಿತ ಕೈಯೋ ಉಪಕರಣವೋ ಶಸ್ತ್ರಕ್ರಿಯೆಯೋ ಬೇಕಾಗಬಹುದು, ಅದೂ ಗಂಟೆಗಳ ಲೆಕ್ಕದಲ್ಲಿ. ನಿಜಾಮರ ಆಳಿಕೆಯಲ್ಲಿ ಕೊಪ್ಪಳ ಯಲಬುರ್ಗಿಗಳು ಸಾಲಾರ್‌ಜಂಗರ ಜಾಗೀರಿಗೂ, ಗಂಗಾವತಿ ಕುಷ್ಟಗಿಗಳು ಮೊದಲು ಲಿಂಗಸುಗೂರು, ೧೯೦೫ರಿಂದ ರಾಯಚೂರು ಜಿಲ್ಲೆಗೂ ಸೇರಿದ್ದುವು. ಗದಗಿನಿಂದ ಹೊಸಪೇಟೆಗೆ ಹೋಗುವ ರೈಲು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೊಪ್ಪಳವನ್ನು ಮುಟ್ಟಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗದಗ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆಯಾಯಿತು. ಕುಷ್ಟಗಿಗೆ ರೈಲು ಬಂದುದು ೨೦೨೫ರಲ್ಲಿ. ಎರೆನೆಲದಲ್ಲಿ ಮಳೆಗಾಲದ ಬಂಡಿಯ ಹಾದಿ ಹೇಗಿತ್ತೆಂಬುದನ್ನು ಈ ನಾಡಿನವರಿಗೆ ಹೇಳಬೇಕಾಗಿಲ್ಲ. ೧೯೫೬ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, ೧೯೯೭ರಲ್ಲಿ ಕೊಪ್ಪಳವು ಜಿಲ್ಲೆಯಾಯಿತು.

ಜಿಲ್ಲೆಯಾದ ಮೇಲೆಯೂ ಕೊರತೆ ತೀರಲಿಲ್ಲ. ಕೊಪ್ಪಳ ಜಿಲ್ಲೆಯ ಬಾಣಂತಿಯರ ಮರಣವನ್ನು ಕುರಿತು ಆಶಾ ಜಾರ್ಜ್ ಅವರು ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎತ್ತಿ ತೋರಿಸಿದ ದೋಷಗಳು ಇವು: ಸಂಗತಿಗಳ ದಾಖಲೆ ದುರ್ಬಲವಾಗಿರುವುದು, ಆರೈಕೆಯು ನಡುನಡುವೆ ಕಡಿದುಹೋಗುವುದು, ಕೆಲಸಮಾಡುವ ದಾದಿಯರಿಗೆ ಬೆಂಬಲವಿಲ್ಲದಿರುವುದು, ಒಂದು ಸ್ಥಳದಿಂದ ಮತ್ತೊಂದಕ್ಕೆ ಕಳುಹಿಸುವ ಕ್ರಮವು ಅವ್ಯವಸ್ಥಿತವಾಗಿರುವುದು, ಹೊಣೆಗಾರಿಕೆಯು ಸೊಟ್ಟಗಿರುವುದು. ಈ ಪಟ್ಟಿಯನ್ನು ಓದುವಾಗ ಒಂದು ಮಾತು ಹೊಳೆಯುತ್ತದೆ. ಕೂಸನ್ನು ತಿರುಗಿಸಲಾರದುದು ಇದರಲ್ಲಿ ಒಂದು ದೋಷವಾಗಿ ಬಂದಿಲ್ಲ. ತಿರುಗದ ಕೂಸಿನ ತಾಯಿಯನ್ನು ಹೊತ್ತಿಗೆ ಸರಿಯಾದ ಸ್ಥಳಕ್ಕೆ ಮುಟ್ಟಿಸಲಾರದ ವ್ಯವಸ್ಥೆಯು ಬಂದಿದೆ. ಒಡೆಯನ ಅನುಮತಿ ಪಡೆದು, ಬಲ್ಲವನೇ ಮಾಡಬೇಕೆಂದು ಸುಶ್ರುತನು ವಿಧಿಸಿದುದೂ ಹೊಣೆಗಾರಿಕೆಯನ್ನು ಮೊದಲು ಇತ್ಯರ್ಥ ಮಾಡಿಕೊಳ್ಳುವುದಕ್ಕೇ.

೮

ಇಷ್ಟು ವಿಚಾರದಿಂದ ಸಿದ್ಧವಾಗುವುದೇನೆಂದರೆ: ‘ಕೂಸು ತಿರುಗಿಲ್ಲ’ ಎಂಬ ಮಾತು ಮೂರು ಸಂಗತಿಗಳಿಗೆ ಸಲ್ಲುತ್ತದೆ. ಒಂದನೆಯ ಮತ್ತು ಎರಡನೆಯ ಅರ್ಥದಲ್ಲಿ ಅದು, ನೋವು ಬರುವುದಕ್ಕೆ ಮೊದಲೇ ಆಸ್ಪತ್ರೆಗೆ ತೋರಿಸಬೇಕೆಂಬ ಎಚ್ಚರಿಕೆ. ಮೂರನೆಯ ಅರ್ಥದಲ್ಲಿ ಅದು ಭಯಪಡಬೇಕಾದ ಸುದ್ದಿಯಲ್ಲ. ಹೆರಿಗೆ ನೀಳವಾಗಬಹುದು, ಜೊತೆಯಲ್ಲಿ ಬಲ್ಲವರಿರಲಿ, ಹೋಗಬೇಕಾದ ಹಾದಿ ಗೊತ್ತಿರಲಿ ಎಂಬ
ತಿಳಿವಳಿಕೆ. ಒಂದನೆಯದನ್ನು ಮೂರನೆಯದೆಂದು ತಿಳಿದು ಕಾಯ್ದರೂ, ಮೂರನೆಯದನ್ನು ಒಂದನೆಯದೆಂದು ತಿಳಿದು ಹೊಟ್ಟೆಯನ್ನು ಒತ್ತಿದರೂ ಕೇಡು ತಾಯಿಗೇ.

ನಮ್ಮ ನಿಘಂಟುಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ಪದಗಳು ಸೇರಬೇಕಾಗಿವೆ. ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ವೃದ್ಧೆಯರು ಇನ್ನೂ ಕೆಲವರಿದ್ದಾರೆ. ಅವರ ಹಾಡುಗಳನ್ನು ಬರೆದುಕೊಳ್ಳುವ ಅಧ್ಯಾಪಕರು ಹಾಡು ಮುಗಿದ ಮೇಲೆ ಮತ್ತೊಂದು ಪ್ರಶ್ನೆಯನ್ನೂ ಕೇಳಲಿ: ತಲೆ ಮೇಲಿದ್ದುದಕ್ಕೆ ಏನೆನ್ನುತ್ತಿದ್ದಿರಿ, ಅಡ್ಡಬಿದ್ದುದಕ್ಕೆ ಏನೆನ್ನುತ್ತಿದ್ದಿರಿ, ಬೆನ್ನಿಗೆ ಬೆನ್ನು ಕೊಟ್ಟುದಕ್ಕೆ ಏನೆನ್ನುತ್ತಿದ್ದಿರಿ? ದೊರೆತ ಪದಗಳನ್ನು ಊರು, ತಾಲ್ಲೂಕುಗಳೊಡನೆ ಗುರುತು ಹಾಕಿಕೊಂಡು ಪ್ರಕಟಿಸಿದರೆ ಭಾಷೆಗೂ ವೈದ್ಯಕ್ಕೂ ಏಕಕಾಲದಲ್ಲಿ ಉಪಕಾರವಾಗುವುದು. ವಿದ್ವಾಂಸರು ಈ ಕಡೆಗೆ ಗಮನ ಕೊಡಬೇಕೆಂದು ಪ್ರಾರ್ಥನೆ.